ತಾನಾಗಿ ರೀಸ್ಟಾರ್ಟ್ ಆಗುವ ಕಂಪ್ಯೂಟರ್: ಬಳಕೆದಾರರ ಕೈಪಿಡಿ

ಮೊದಲ ಮಾತು

ಮಾನ್ಯ ಗ್ರಾಹಕರೇ, ತಮ್ಮ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಸ್ವಂತ ಬುದ್ಧಿ ಬಂದದ್ದಕ್ಕೆ ಅಭಿನಂದನೆಗಳು. ಇಷ್ಟು ದಿನ ತಾವು ಗುಂಡಿ ಒತ್ತಿದರೆ ಮಾತ್ರ ಶುರುವಾಗುತ್ತಿದ್ದ ಯಂತ್ರ ಈಗ ಒತ್ತದೆಯೂ ಶುರುವಾಗುತ್ತದೆ. ಅದಕ್ಕೂ ಮೊದಲು ತಮ್ಮನ್ನು ಕೇಳದೆಯೇ ಆರುತ್ತದೆ. ಈ ಎರಡರ ನಡುವೆ, ತಾವು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಇನ್ನೂ ಸೇವ್ ಮಾಡದಿದ್ದ ಲಗ್ನಪತ್ರಿಕೆ ಎಲ್ಲಿಗೆ ಹೋಯಿತು ಎಂಬುದು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ಇದನ್ನು ಬರೆದಿರುವುದು ಅಸೆಂಬಲ್ಡ್ ಕಂಪ್ಯೂಟರ್ ಇಟ್ಟುಕೊಂಡವರಿಗಾಗಿ. ಅಂದರೆ, ಬೆಂಗಳೂರಿನ ಎಸ್.ಪಿ. ರೋಡಿನಿಂದಲೋ ಜಿಲ್ಲಾ ಕೇಂದ್ರದ ಅಂಗಡಿಯಿಂದಲೋ ಬಿಡಿಭಾಗ ತಂದು ಜೋಡಿಸಿದ, ಮೇಲೆ ಕಸೂತಿ ಬಟ್ಟೆ ಹೊದಿಸಿದ, ಮನೆಮಂದಿಯೆಲ್ಲ ‘ಸಿಪಿಯು’ ಎಂದು ಕರೆಯುವ ಆ ಪೆಟ್ಟಿಗೆಯ ಒಡೆಯರಿಗಾಗಿ. ಇಂಥ ಯಂತ್ರದ ತಯಾರಕರು ಯಾರು ಎಂದು ಕೇಳಿದರೆ ಮದರ್‌ಬೋರ್ಡಿನವರು ರ‍್ಯಾಮ್‌ನವರ ಕಡೆಗೂ, ರ‍್ಯಾಮ್‌ನವರು ಕರೆಂಟಿನವರ ಕಡೆಗೂ ಕೈ ತೋರಿಸುತ್ತಾರೆ. ಹಾಗಾಗಿ ಕೈಪಿಡಿ ಬರೆಯುವ ಹೊಣೆ ನಮ್ಮ ಮೇಲೆ ಬಿತ್ತು.

ಕಂಪ್ಯೂಟರಿನ ಯಾವ ಕಾಯಿಲೆಗಾದರೂ ಫೋನಿನಲ್ಲಿ ಸಿಗುವ ಮೊದಲ ಮದ್ದು ಒಂದೇ: “ಒಂದ್ಸಲ ಆಫ್ ಮಾಡಿ ಆನ್ ಮಾಡಿ ಸಾರ್.” ತಮ್ಮ ಯಂತ್ರ ಈ ಮದ್ದನ್ನು ದಿನವಿಡೀ ತಾನೇ ಕುಡಿಯುತ್ತಿದೆ, ಗುಣವಾಗಿಲ್ಲ. ಮದ್ದೇ ಕಾಯಿಲೆಯಾದಾಗ ದೊಡ್ಡವರಿಗೂ ದಿಕ್ಕು ತೋಚುವುದಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಕಂಪನಿಯ ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ಎಷ್ಟೋ ಯಂತ್ರಗಳು ಏಳುವುದು, ಬೀಳುವುದು, ಮತ್ತೆ ಏಳುವುದು ಇಷ್ಟನ್ನೇ ಮಾಡುತ್ತ ಕುಳಿತವು. ಆಗ ಮೈಕ್ರೋಸಾಫ್ಟ್ ತನ್ನ ಕ್ಲೌಡ್ ಗ್ರಾಹಕರಿಗೆ ಕೊಟ್ಟ ಸಲಹೆಗಳಲ್ಲಿ ಒಂದು: ಮತ್ತೆ ಮತ್ತೆ ರೀಸ್ಟಾರ್ಟ್ ಮಾಡಿ ನೋಡಿ, ಕೆಲವರಿಗೆ 15 ಸಲ ಮಾಡಿದ ಮೇಲೆ ಸರಿಹೋಗಿದೆ.

ಬೇಕಾಗುವ ಸಾಮಗ್ರಿ

1. ಗೆರೆ ಹಾಕಿದ ಒಂದು ನೋಟ್‌ಬುಕ್ ಮತ್ತು ಪೆನ್ಸಿಲ್. ಟಿಪ್ಪಣಿಯನ್ನು ಕಂಪ್ಯೂಟರಿನಲ್ಲಿಯೇ ಬರೆದಿಡುತ್ತೇನೆ ಎನ್ನುವವರು ಮೇಲಿನ ಲಗ್ನಪತ್ರಿಕೆಯ ಗತಿಯನ್ನು ಇನ್ನೊಮ್ಮೆ ಓದಬೇಕು.

2. ಗೋಡೆ ಗಡಿಯಾರ. ಪರದೆಯ ಮೂಲೆಯಲ್ಲಿರುವ ಗಡಿಯಾರವನ್ನು ನಂಬಬೇಡಿ. ಮದರ್‌ಬೋರ್ಡ್ ಮೇಲಿನ ಸಿಆರ್2032 ಎಂಬ 3 ವೋಲ್ಟಿನ ಬಿಲ್ಲೆ ಸೆಲ್ ಸತ್ತಿದ್ದರೆ, ಕರೆಂಟು ಹೋಗಿ ಬಂದಾಗಲೆಲ್ಲ ಯಂತ್ರ ಹಳೆಯ ಯಾವುದೋ ವರ್ಷಕ್ಕೆ ಹೋಗಿ ಕುಳಿತಿರುತ್ತದೆ.

3. ಸ್ಟಾರ್ ಸ್ಕ್ರೂಡ್ರೈವರ್, ಬಣ್ಣ ಹಚ್ಚದ ಹೊಸ ಪೇಂಟ್ ಬ್ರಷ್, ಮಗುವಿನ ಜಾಮಿಟ್ರಿ ಬಾಕ್ಸಿನ ರಬ್ಬರ್.

4. ಮೊಬೈಲ್ ಫೋನ್. ಟಾರ್ಚಿಗಾಗಿ ಮಾತ್ರ. ಭಾವಮೈದುನನಿಗೆ ಫೋನ್ ಹಚ್ಚುವುದಕ್ಕಲ್ಲ.

ಎಚ್ಚರಿಕೆಗಳು

ಎಚ್ಚರಿಕೆ ಒಂದು. “ಫಾರ್ಮ್ಯಾಟ್ ಹೊಡೆದುಬಿಡಿ” ಎಂದು ಹೇಳುವವರು ತಮ್ಮ ಸುತ್ತ ಕನಿಷ್ಠ ಮೂವರಿರುತ್ತಾರೆ. ಅವರಿಗೆ ಕಾಫಿ ಕೊಟ್ಟು ಕಳಿಸಿ. ಪ್ಲಗ್ ಸಡಿಲವಾಗಿದ್ದ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿದರೆ ಸಿಗುವುದು, ಪ್ಲಗ್ ಸಡಿಲವಾಗಿರುವ ಮತ್ತು ಮಗಳ ಮದುವೆಯ ಫೋಟೊಗಳಿಲ್ಲದ ಕಂಪ್ಯೂಟರ್.

ಎಚ್ಚರಿಕೆ ಎರಡು. ಪೆಟ್ಟಿಗೆಯೊಳಗಿನ, ಎಲ್ಲ ಭಾಗಗಳಿಗೂ ಕರೆಂಟು ಹಂಚುವ ಇನ್ನೊಂದು ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್, ಅದನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. 230 ವೋಲ್ಟಿನ ಎಸಿ ಕರೆಂಟು ಅದರೊಳಗೆ ಸುಮಾರು 325 ವೋಲ್ಟಿನ ಡಿಸಿಯಾಗಿ ಕೆಪಾಸಿಟರಿನಲ್ಲಿ ಕೂತಿರುತ್ತದೆ; ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಈ ಕೈಪಿಡಿಯಲ್ಲಿ ತಮಾಷೆಯಲ್ಲದ ವಾಕ್ಯ ಇದು.

ಎಚ್ಚರಿಕೆ ಮೂರು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಒಂದೇ ಭಾನುವಾರ ರ‍್ಯಾಮ್ ಉಜ್ಜಿ, ಧೂಳು ಹೊಡೆದು, ಯುಪಿಎಸ್ ಬದಲಿಸಿ, ಆಂಟಿವೈರಸ್ ಹಾಕಿ, ನಿಂಬೆಹಣ್ಣನ್ನೂ ಕಟ್ಟಿದರೆ, ಸೋಮವಾರ ಯಂತ್ರ ಸರಿಯಾಗಿದ್ದಲ್ಲಿ ಕೀರ್ತಿ ನಿಂಬೆಹಣ್ಣಿಗೆ ಹೋಗುತ್ತದೆ.

ಹಂತ 1: ಬಾಯಿ ಬಿಡಿಸುವುದು

ರೀಸ್ಟಾರ್ಟ್ ಆಗುವ ಯಂತ್ರ ಕಾಯಿಲೆಯನ್ನು ಹೇಳುವುದಿಲ್ಲ, ಹೇಳುವ ಮೊದಲೇ ಎದ್ದು ಹೋಗಿ ಮುಖ ತೊಳೆದುಕೊಂಡು ಬರುತ್ತದೆ. ಆದ್ದರಿಂದ ಮೊದಲು ಮಾಡಬೇಕಾದ್ದು ಅದು ಎದ್ದು ಹೋಗದಂತೆ ತಡೆಯುವುದು. ‘ದಿಸ್ ಪಿಸಿ’ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗಿ. ಅಲ್ಲಿಂದ ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್, ಅಲ್ಲಿಂದ ಸ್ಟಾರ್ಟ್‌ಅಪ್ ಅಂಡ್ ರಿಕವರಿ. ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಎಂಬಲ್ಲಿರುವ ಟಿಕ್ ಗುರುತು ತೆಗೆಯಿರಿ.

ಈಗ ಎರಡರಲ್ಲಿ ಒಂದು ನಡೆಯುತ್ತದೆ. ಯಂತ್ರ ಮುಂದಿನ ಸಲ ನೀಲಿ ಪರದೆ ತೋರಿಸಿ ಅಲ್ಲೇ ನಿಂತರೆ (ವಿಂಡೋಸ್ 11ರಲ್ಲಿ 2025ರಿಂದ ಅದು ಕಪ್ಪು ಪರದೆ), ಅದರ ಕೆಳಗಿನ ಸಾಲಿನಲ್ಲಿರುವ ಸ್ಟಾಪ್ ಕೋಡನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಅದು ಡ್ರೈವರಿನ ಅಥವಾ ರ‍್ಯಾಮ್‌ನ ಕಡೆ ಬೆರಳು ತೋರಿಸುತ್ತಿರುವ ಸಾಧ್ಯತೆ ಹೆಚ್ಚು. ಟಿಕ್ ತೆಗೆದ ಮೇಲೂ ಒಂದು ಮಾತಿಲ್ಲದೆ, ಗಕ್ಕನೆ ಕತ್ತಲಾಗಿ ಮತ್ತೆ ಶುರುವಾದರೆ, ವಿಂಡೋಸ್‌ಗೆ ಸಾಯುವ ಮುನ್ನ ಮಾತಾಡಲು ಪುರುಸೊತ್ತೇ ಸಿಕ್ಕಿಲ್ಲ ಎಂದರ್ಥ. ಹಾಗಾದಾಗ ಅನುಮಾನ ಕರೆಂಟು, ಬಿಸಿ ಮತ್ತು ಎಸ್‌ಎಂಪಿಎಸ್ ಮೇಲೆ ತಿರುಗಬೇಕು. ಬಿಡಿಗಾಸು ಖರ್ಚಿಲ್ಲದ ಈ ಪರೀಕ್ಷೆಯನ್ನು ಮಾಡದೆ ತಾಲ್ಲೂಕಿನಲ್ಲಿ ಎಷ್ಟು ಮದರ್‌ಬೋರ್ಡ್ ಬದಲಾಗಿವೆಯೋ ಲೆಕ್ಕ ಇಟ್ಟವರಿಲ್ಲ.

ಈವೆಂಟ್ ವ್ಯೂವರ್ ಎಂಬ ದಿನಚರಿಯೂ ಯಂತ್ರದೊಳಗಿದೆ. ‘ಸಿಸ್ಟಮ್’ ವಿಭಾಗದಲ್ಲಿ 1074 ಎಂಬ ಸಂಖ್ಯೆ ಕಂಡರೆ ಯಾರೋ ಹೇಳಿ ಮಾಡಿಸಿದ ರೀಸ್ಟಾರ್ಟ್ ಅದು. ಆ ‘ಯಾರೋ’ ಬಹುಪಾಲು ನಡುರಾತ್ರಿಯ ವಿಂಡೋಸ್ ಅಪ್‌ಡೇಟ್. ಕರ್ನಲ್-ಪವರ್ 41 ಎಂದು ಕಂಪು ಗುರುತಿನೊಡನೆ ಇದ್ದರೆ ಓದಿ ನೋಡಿ: ಯಂತ್ರ ಸರಿಯಾಗಿ ಮುಚ್ಚಿಕೊಳ್ಳದೆ ಮತ್ತೆ ಶುರುವಾಗಿದೆ ಎಂದಿರುತ್ತದೆ. ತಮಗೆ ಗೊತ್ತಿದ್ದದ್ದನ್ನೇ ತಮಗೆ ಹೇಳಿದೆ ಎಂದು ಸಿಟ್ಟಾಗದೆ ‘ಡೀಟೇಲ್ಸ್’ ತೆರೆಯಿರಿ. ಅಲ್ಲಿ ಬಗ್‌ಚೆಕ್‌ಕೋಡ್ ಸೊನ್ನೆ ಇದ್ದರೆ, ವಿಂಡೋಸ್ ತಾನಾಗಿ ಬಿದ್ದದ್ದಕ್ಕೆ ದಾಖಲೆಯಿಲ್ಲ; ಕಾಲಡಿಯ ಕರೆಂಟನ್ನೇ ಯಾರೋ ಎಳೆದಿರಬಹುದು.

ಹಂತ 2: ಗೋಡೆಯ ವಿಚಾರಣೆ

“ಬಲ್ಬು ಮಿಣುಕಲೇ ಇಲ್ಲ, ಕರೆಂಟು ಹೋಗಿಲ್ಲ” ಎಂದು ಮನೆಯವರು ಸಾಕ್ಷಿ ಹೇಳುತ್ತಾರೆ. ಸಾಕ್ಷಿ ಪ್ರಾಮಾಣಿಕವೇ, ಆದರೆ ಸಾಲದು. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತ ಸುತ್ತುತ್ತದೆ. ಒಂದು ಆವರ್ತಕ್ಕೆ 20 ಮಿಲಿಸೆಕೆಂಡ್. ಪೂರ್ತಿ ಭಾರ ಹೊತ್ತಿರುವಾಗ ಗೋಡೆಯ ಕರೆಂಟು ನಿಂತರೆ ಎಸ್‌ಎಂಪಿಎಸ್ ತನ್ನ ದಾಸ್ತಾನಿನಿಂದ ನಿಭಾಯಿಸಬೇಕಾದ ಅವಧಿ, ಎಟಿಎಕ್ಸ್ ಎಂಬ ತಯಾರಿಕಾ ನಿಯಮದ ಹಳೆಯ ಆವೃತ್ತಿಯ ಪ್ರಕಾರ, ಸುಮಾರು 16 ಮಿಲಿಸೆಕೆಂಡ್. ಅಂದರೆ ಒಂದೇ ಒಂದು ಆವರ್ತ ತಪ್ಪಿದರೂ ಅದು ಕೈಚೆಲ್ಲಬಹುದು. ಕೈಚೆಲ್ಲುವಾಗ ‘ಪವರ್ ಗುಡ್’ ಎಂದು ಮದರ್‌ಬೋರ್ಡಿಗೆ ಕೊಡುತ್ತಿದ್ದ ಸಂಕೇತವನ್ನು ಹಿಂತೆಗೆದುಕೊಳ್ಳುತ್ತದೆ. ಮದರ್‌ಬೋರ್ಡ್ ಒಡನೆಯೇ ಎಲ್ಲವನ್ನೂ ನಿಲ್ಲಿಸಿ, ಸಂಕೇತ ಮರಳಿದ ಮೇಲೆ ಮೊದಲಿನಿಂದ ಶುರು ಮಾಡುತ್ತದೆ. ಅಷ್ಟರಲ್ಲಿ ಬಲ್ಬು ಏನೂ ಆಗಿಲ್ಲವೆಂಬಂತೆ ಉರಿಯುತ್ತಿರುತ್ತದೆ.

ನೋಟ್‌ಬುಕ್ಕಿನ ಕೆಲಸ ಶುರುವಾಗುವುದು ಇಲ್ಲಿ. ಯಂತ್ರ ಬಿದ್ದಾಗಲೆಲ್ಲ ಮೂರು ಸಂಗತಿ ಬರೆಯಿರಿ: ಹೊತ್ತು, ಆಗ ತಾವು ಮಾಡುತ್ತಿದ್ದ ಕೆಲಸ, ಆಗ ಮನೆಯಲ್ಲಿ ನಡೆಯುತ್ತಿದ್ದ ಕೆಲಸ. ಮಾದರಿಗಾಗಿ ಒಂದು ಪುಟ:

ಬೆಳಗ್ಗೆ 7.20. ಪತ್ರಿಕೆ ಓದುತ್ತಿದ್ದೆ. ಅಡುಗೆಮನೆಯಲ್ಲಿ ಗ್ರೈಂಡರ್.
ಬೆಳಗ್ಗೆ 9.05. ಏನೂ ಮಾಡುತ್ತಿರಲಿಲ್ಲ. ಟ್ಯಾಂಕಿಗೆ ನೀರು ಏರಿಸಲು ಮೋಟರ್ ಹಾಕಿದರು.
ಮಧ್ಯಾಹ್ನ 3.40. ಪ್ರಿಂಟ್ ಕೊಟ್ಟೆ. ಎಲ್ಲರೂ ಮಲಗಿದ್ದರು.
ಸಂಜೆ 6.30. ಮೋಟರ್.

ಇಂಥ ಪುಟ ಓದಲು ಎಂಜಿನಿಯರಿಂಗ್ ಪದವಿ ಬೇಡ. ಮೋಟರು ತಿರುಗಲು ಶುರುವಾಗುವ ಕ್ಷಣದಲ್ಲಿ, ಓಡುವಾಗ ಎಳೆಯುವುದಕ್ಕಿಂತ ಹಲವು ಪಟ್ಟು ಕರೆಂಟನ್ನು ಎಳೆದುಕೊಳ್ಳುತ್ತದೆ. ಅದೇ ಲೈನಿನ ವೋಲ್ಟೇಜ್ ಗಳಿಗೆ ಹೊತ್ತು ಕುಸಿಯುತ್ತದೆ. ಗ್ರೈಂಡರ್, ಫ್ರಿಜ್, ಮೋಟರ್ ಮೂರೂ ಈ ತಪ್ಪಿಗೆ ಹೆಸರಾದವು. ಆದರೆ 3.40ರ ಆರೋಪಿ ಬೇರೆ: ಲೇಸರ್ ಪ್ರಿಂಟರ್. ಹಾಳೆಗೆ ಪುಡಿಯನ್ನು ಕರಗಿಸಿ ಅಂಟಿಸಲು ಅದರೊಳಗೊಂದು ಹೀಟರ್ ಇದೆ. ಅದನ್ನೂ ಕಂಪ್ಯೂಟರಿನ ಯುಪಿಎಸ್‌ಗೇ ಸಿಕ್ಕಿಸಿದ್ದರೆ, ಪ್ರಿಂಟ್ ಕೊಟ್ಟ ಕೂಡಲೇ ಯುಪಿಎಸ್ ಕೀಂ ಎನ್ನುತ್ತದೆ, ಕಂಪ್ಯೂಟರ್ ಮಲಗುತ್ತದೆ. ಪ್ರಿಂಟರಿನ ವಯರನ್ನು ನೇರ ಗೋಡೆಗೆ ಹಾಕಿ. ಡಿಟಿಪಿ ಅಂಗಡಿಗಳ ಅರ್ಧ ಶಾಪ ಇದರಿಂದಲೇ ವಿಮೋಚನೆಯಾಗುತ್ತದೆ.

ಮುಂದಿನದು ಪ್ಲಗ್. ಹಿತ್ತಾಳೆ ಪಿನ್ನುಗಳ ನಡುವಿನ ಸೀಳು ಮುಚ್ಚಿಕೊಂಡು ಸಾಕೆಟ್ಟಿನಲ್ಲಿ ಲಟಪಟ ಎನ್ನುತ್ತಿದ್ದರೆ, ಪ್ಲಗ್ಗನ್ನು ಹೊರಗೆ ತೆಗೆದು ಚಾಕುವಿನ ತುದಿಯಿಂದ ಸೀಳನ್ನು ಚೂರು ಅಗಲಿಸಬಹುದು. ಸಾಕೆಟ್ಟಿನ ಬಾಯಿ ಕರಕಲಾಗಿದ್ದರೆ ಚಾಕು ಸಾಲದು, ಸಾಕೆಟ್ಟೇ ಬದಲಾಗಬೇಕು. ಎಕ್ಸ್‌ಟೆನ್ಷನ್ ಬಾಕ್ಸಿಗೆ ಇನ್ನೊಂದು ಎಕ್ಸ್‌ಟೆನ್ಷನ್ ಬಾಕ್ಸ್ ಸಿಕ್ಕಿಸಿ, ಅದರಲ್ಲಿ ಸೊಳ್ಳೆಬತ್ತಿಯ ಯಂತ್ರವನ್ನೂ ಎರಡು ಚಾರ್ಜರುಗಳನ್ನೂ ಇಟ್ಟು, ಉಳಿದ ತೂತಿಗೆ ಕಂಪ್ಯೂಟರ್ ಸಿಕ್ಕಿಸಿರುವವರು ಹಂತ 3ಕ್ಕೆ ಹೋಗುವ ಮುನ್ನ ಆ ಸರಪಳಿಯನ್ನು ಬಿಡಿಸಬೇಕು.

ಆಮೇಲೆ ಯುಪಿಎಸ್. ಎಲ್ಲವನ್ನೂ ಸೇವ್ ಮಾಡಿಟ್ಟು ಗೋಡೆಯ ಸ್ವಿಚ್ ಆರಿಸಿ. ಕಂಪ್ಯೂಟರ್ ತಕ್ಷಣ ಸತ್ತರೆ, ತಮ್ಮ ಬಳಿ ಇರುವುದು ಯುಪಿಎಸ್ ಅಲ್ಲ, ಕೂಗುವ ಒಂದು ಪೆಟ್ಟಿಗೆ. ಒಳಗಿನ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಗೆ ಆಯುಸ್ಸು ಕೆಲವೇ ವರ್ಷ. ಬದಲಾಯಿಸಿದ ತಾರೀಖು ಯಾರಿಗೂ ನೆನಪಿರುವುದಿಲ್ಲ, ಈಗ ನೋಟ್‌ಬುಕ್ಕಿದೆ. ಪೆಟ್ಟಿಗೆಯ ಮೇಲಿನ 600 ವಿಎ ಎಂಬುದನ್ನು 600 ವ್ಯಾಟ್ ಎಂದು ಓದಬೇಡಿ. ಇಂಥವು ಸಾಮಾನ್ಯವಾಗಿ ಹೊರುವುದು 360 ವ್ಯಾಟ್. ಮನೆಯ ಇನ್ವರ್ಟರಿಗೇ ಕಂಪ್ಯೂಟರ್ ಕೊಟ್ಟಿದ್ದರೆ ಅದರ ಹಿಂಬದಿಗೆ ಟಾರ್ಚ್ ಬಿಡಿ. ಬಹಳಷ್ಟರಲ್ಲಿ ‘ಯುಪಿಎಸ್’ ಮತ್ತು ‘ನಾರ್ಮಲ್’ ಎಂಬ ಪುಟ್ಟ ಸ್ವಿಚ್ ಇರುತ್ತದೆ. ನಾರ್ಮಲ್‌ನಲ್ಲಿದ್ದರೆ ಬ್ಯಾಟರಿಗೆ ಹೊರಳಲು ಅದು ತೆಗೆದುಕೊಳ್ಳುವ ಸಮಯ ಫ್ಯಾನಿಗೆ ಸಾಕು, ಕಂಪ್ಯೂಟರಿಗೆ ಸಾಲದು.

ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆಂದರೆ ಅದು ಯಂತ್ರದ ಪ್ರೀತಿಯಲ್ಲ, ಅರ್ಥಿಂಗ್ ಇಲ್ಲದಿರುವುದು. ಉಪ್ಪು, ಇದ್ದಿಲು ತುಂಬಿ ಮಾಡಿದ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿದಾಗ ಒಂದು ಕೊಡ ನೀರು ಹೊಯ್ಯುತ್ತಿದ್ದ ಅಜ್ಜನಿಗೆ ಈ ಶಾಸ್ತ್ರ ಗೊತ್ತಿತ್ತು. ನೀರು ಹೊಯ್ದ ಮೇಲೂ ಜುಮ್ಮೆನ್ನುತ್ತಿದ್ದರೆ ಎಲೆಕ್ಟ್ರಿಷಿಯನ್ನರನ್ನು ಕರೆಸಿ.

ಹಂತ 3: ಧೂಳು, ಕುಂಕುಮ ಮತ್ತು ಹಲ್ಲಿ

ಕಂಪ್ಯೂಟರ್ ಸ್ವಚ್ಛಗೊಳಿಸಲು ಕರ್ನಾಟಕದಲ್ಲಿ ವರ್ಷಕ್ಕೊಂದು ದಿನ ನಿಗದಿಯಾಗಿದೆ: ಆಯುಧಪೂಜೆ. ಅಂದು ಪೆಟ್ಟಿಗೆಯ ಹೊರಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಗಾಳಿ ಹೋಗುವ ಜಾಲರಿಯ ಮೇಲೆ ಸೇವಂತಿಗೆ ಹಾರ ಹಾಕಿ, ಎದುರಿಗೆ ಊದುಬತ್ತಿ ಹಚ್ಚಲಾಗುತ್ತದೆ. ಒಳಗಿನ ಫ್ಯಾನ್ ಆ ಬೂದಿಯನ್ನೂ ಒಂದೆರಡು ಎಸಳನ್ನೂ ಭಕ್ತಿಯಿಂದ ಸ್ವೀಕರಿಸುತ್ತದೆ. ಪೂಜೆ ತಪ್ಪದಿರಲಿ, ಆದರೆ ಹಿಂದಿನ ದಿನವೇ ಪಕ್ಕದ ಬಾಗಿಲು ಬಿಚ್ಚಿ ಒಳಮೈಯನ್ನೂ ನೋಡಿ.

ಬಿಸಿಯಿಂದ ಬೀಳುವ ಯಂತ್ರವನ್ನು ನೋಟ್‌ಬುಕ್ಕಿನಲ್ಲಿ ಗುರುತಿಸುವುದು ಸುಲಭ. ಬೆಳಗಿನ ಮೊದಲ ಓಟ ದೀರ್ಘ, ಎರಡನೆಯದು ಅದಕ್ಕಿಂತ ಗಿಡ್ಡ, ಮೂರನೆಯದು ವಿಂಡೋಸ್ ತೆರೆಯುವಷ್ಟರಲ್ಲೇ ಮುಕ್ತಾಯ. ಊಟ ಮಾಡಿ ಬಂದರೆ ಮತ್ತೆ ದೀರ್ಘ. ಈಗಿನ ಬಹಳಷ್ಟು ಪ್ರೊಸೆಸರುಗಳು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಮೊದಲು ನಿಧಾನವಾಗುತ್ತವೆ, ಆಗಲೂ ತಣಿಯದಿದ್ದರೆ ಸುಟ್ಟುಹೋಗುವ ಬದಲು ತಾವೇ ಆರಿಕೊಳ್ಳುತ್ತವೆ. ಆದ್ದರಿಂದ: ಕಸೂತಿ ಬಟ್ಟೆ ತೆಗೆಯಿರಿ. ಪೆಟ್ಟಿಗೆಯನ್ನು ಅಂಗಳಕ್ಕೆ ಒಯ್ದು ಬ್ರಷ್ಷಿನಿಂದ ಹೀಟ್‌ಸಿಂಕಿನ ರೆಕ್ಕೆಗಳ ನಡುವಿನ ಕಂಬಳಿಯನ್ನು ಬಿಡಿಸಿ. ಬ್ಲೋವರ್ ಬಳಸುವಾಗ ಫ್ಯಾನನ್ನು ಬೆರಳಿನಿಂದ ತಡೆದು ಹಿಡಿಯಿರಿ. ವರ್ಷಗಳಿಂದ ಮುಟ್ಟದ ಥರ್ಮಲ್ ಪೇಸ್ಟ್ ಒಣಗಿ ಸುಣ್ಣವಾಗಿದ್ದರೆ ಒರೆಸಿ, ಬಟಾಣಿ ಕಾಳಿನಷ್ಟು ಹೊಸದನ್ನು ಇಡಿ. ದೋಸೆಗೆ ಬೆಣ್ಣೆ ಹಾಕುವ ಕೈ ಇಲ್ಲಿ ಬೇಡ.

ಒಳಗೆ ಹಲ್ಲಿ ಸಿಕ್ಕರೆ ಗಾಬರಿ ಬೇಡ. ಬೆಚ್ಚಗಿನ ಕತ್ತಲೆಗೆ ಅದು ಬರುವುದು ಸಹಜ, ಎರಡು ತಂತಿಗಳಿಗೆ ಏಕಕಾಲಕ್ಕೆ ಮೈ ತಾಗಿಸಿ ಶಾರ್ಟ್ ಮಾಡುವುದೂ ಸಹಜ. ಹಲ್ಲಿ ತಲೆಯ ಮೇಲೆ, ಭುಜದ ಮೇಲೆ ಬಿದ್ದರೆ ಏನು ಫಲ ಎಂದು ಪಂಚಾಂಗದಲ್ಲಿದೆ. ಮದರ್‌ಬೋರ್ಡ್ ಮೇಲೆ ಬಿದ್ದರೆ ಧನವ್ಯಯ ಎಂದು ಈ ಕೈಪಿಡಿ ಸೇರಿಸುತ್ತದೆ. ಹಿಂಬದಿಯ ಖಾಲಿ ಕಿಂಡಿಗಳನ್ನು ತಗಡಿನ ಪಟ್ಟಿಯಿಂದ ಮುಚ್ಚಿ.

ಹಂತ 4: ರ‍್ಯಾಮ್ ಮತ್ತು ಗ್ರಹಚಾರ

ಯಾವ ಹೊತ್ತಿಗೂ, ಯಾವ ಕೆಲಸಕ್ಕೂ ಹೊಂದಿಕೆಯಾಗದೆ, ಪ್ರತಿ ಸಲ ಬೇರೆ ಬೇರೆ ಸ್ಟಾಪ್ ಕೋಡ್ ತೋರಿಸುತ್ತ ಬೀಳುತ್ತಿದ್ದರೆ ರ‍್ಯಾಮ್ ನೋಡಿ. ಪಟ್ಟಿ ಕಿತ್ತು, ಬಂಗಾರದ ಬಣ್ಣದ ಅಂಚನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ಕ್ಲಿಪ್ ಟಕ್ಕೆನ್ನುವ ತನಕ ಒತ್ತಿ ಕೂರಿಸಿ. ರಾತ್ರಿ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸಿ ಮಲಗಿ. ಎರಡು ಪಟ್ಟಿ ಇದ್ದರೆ ಒಂದೊಂದನ್ನೇ ಹಾಕಿ ನೋಡಿ.

“ಎಲ್ಲ ಗ್ರಹಚಾರ” ಎನ್ನುವ ಹಿರಿಯರನ್ನು ಪೂರ್ತಿ ಅಲ್ಲಗಳೆಯುವಂತಿಲ್ಲ. 2003ರಲ್ಲಿ ಬೆಲ್ಜಿಯಂನ ಸ್ಕಾರ್‌ಬೇಕ್‌ನಲ್ಲಿ ನಡೆದ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಗೆ ಸರಿಯಾಗಿ 4096 ಮತ ಹೆಚ್ಚು ಬಂದವು. ಅದು 2ರ 12ನೇ ಘಾತ, ಅಂದರೆ ಮೆಮೊರಿಯಲ್ಲಿ ಒಂದೇ ಒಂದು ಬಿಟ್ ಸೊನ್ನೆಯಿಂದ ಒಂದಕ್ಕೆ ಮಗುಚಿದರೆ ಬರುವ ಸಂಖ್ಯೆ. ಬಾಹ್ಯಾಕಾಶದಿಂದ ಬರುವ ಕಿರಣವೊಂದು ತಾಗಿರಬಹುದು ಎಂಬುದು ಅದಕ್ಕೆ ಕೊಡಲಾಗುವ ವಿವರಣೆ. ಆದರೂ ತಮ್ಮ ಮನೆಯ ಮಟ್ಟಿಗೆ ನಕ್ಷತ್ರಲೋಕಕ್ಕಿಂತ ಮೊದಲು ಪ್ಲಗ್ಗನ್ನು ಅನುಮಾನಿಸುವುದೇ ಲೇಸು.

ಹಂತ 5: ಪುಕ್ಕಟೆ ಬಂದ ಎಸ್‌ಎಂಪಿಎಸ್

ಕ್ಯಾಬಿನೆಟ್ ಕೊಂಡಾಗ ಅದರೊಳಗೇ ಪುಕ್ಕಟೆಯಾಗಿ ಬಂದಿದ್ದ, 450 ವ್ಯಾಟ್ ಎಂದು ಚೀಟಿ ಅಂಟಿಸಿದ, ಕೈಯಲ್ಲಿ ಹಿಡಿದರೆ ಭಾರವೇ ಇಲ್ಲದ ಎಸ್‌ಎಂಪಿಎಸ್ ಬಗ್ಗೆ ಒಂದು ಮಾತು: ಆ ಸಂಖ್ಯೆಯನ್ನು ಚುನಾವಣಾ ಪ್ರಣಾಳಿಕೆಯ ಭಾಷೆಯಲ್ಲಿ ಓದಬೇಕು. ನಿಯಮದ ಪ್ರಕಾರ ಅದರ 12 ವೋಲ್ಟಿನ ತಂತಿ ಶೇ. 5ರ ಆಚೀಚೆ, ಅಂದರೆ 11.4ರಿಂದ 12.6ರೊಳಗೆ ಇರಬೇಕು. ಪತ್ರ ಟೈಪ್ ಮಾಡುವಾಗ ಸುಮ್ಮನಿದ್ದು, ಮಗ ಗೇಮ್ ಶುರು ಮಾಡಿದ ಕೂಡಲೇ ಯಂತ್ರ ಬೀಳುವುದಾದರೆ, ಬಿಸಿಯೂ ಅಲ್ಲವೆಂದು ಖಾತ್ರಿಯಾದ ಮೇಲೆ, ಅನುಮಾನ ಇದರ ಮೇಲೆ. ಮಗನ ಮೇಲಲ್ಲ. ಹಳೆಯ ಮದರ್‌ಬೋರ್ಡ್ ಆದರೆ ಕೆಪಾಸಿಟರುಗಳ ನೆತ್ತಿಗೂ ಟಾರ್ಚ್ ಬಿಡಿ: ಚಪ್ಪಟೆಯಾಗಿರಬೇಕಾದ್ದು ಉಬ್ಬಿದ್ದರೆ ಕತೆ ಮುಗಿಯಿತು. 2000ದ ದಶಕದ ಮೊದಲ ವರ್ಷಗಳಲ್ಲಿ ಕೆಟ್ಟ ದ್ರಾವಣ ತುಂಬಿದ ಕೆಪಾಸಿಟರುಗಳಿಂದ ಜಗತ್ತಿನಾದ್ಯಂತ ಮದರ್‌ಬೋರ್ಡುಗಳು ಹೀಗೇ ಉಬ್ಬಿ ಸತ್ತವು.

ಹಂತ 6: ಅಂಗಡಿಗೆ ಒಯ್ಯುವ ವಿಧಿ

ಅಂಗಡಿಯಲ್ಲಿ ತಮ್ಮ ಯಂತ್ರ ಒಂದು ಸಲವೂ ರೀಸ್ಟಾರ್ಟ್ ಆಗುವುದಿಲ್ಲ. “ನೋಡಿ ಸಾರ್, ಚೆನ್ನಾಗೇ ಇದೆ” ಎಂದು ಹುಡುಗ ನಗುತ್ತಾನೆ. ಸುಳ್ಳು ಹೇಳಿದವರ ಹಾಗೆ ತಾವು ನಿಲ್ಲುತ್ತೀರಿ. ನಿಲ್ಲಬೇಕಿಲ್ಲ. ಅಂಗಡಿಯಲ್ಲಿ ಇಡೀ ದಿನ ಓಡಿ ಮನೆಗೆ ಬಂದು ಅರ್ಧ ಗಂಟೆಗೆ ಬಿದ್ದಿತೆಂದರೆ ಅದೇ ಒಂದು ಪತ್ತೆ: ಕಾಯಿಲೆ ಇರುವುದು ಪೆಟ್ಟಿಗೆಯಲ್ಲಲ್ಲ, ತಾವು ಹೊತ್ತು ತರದೆ ಮನೆಯಲ್ಲೇ ಬಿಟ್ಟುಬಂದದ್ದರಲ್ಲಿ. ಅಂದರೆ ವಯರು, ಯುಪಿಎಸ್, ಗೋಡೆ. ಮುಂದಿನ ಸಲ ಗೋಡೆಯನ್ನು ಬಿಟ್ಟು ಉಳಿದದ್ದನ್ನೆಲ್ಲ ಒಯ್ಯಿರಿ. ನೋಟ್‌ಬುಕ್ಕನ್ನೂ ಒಯ್ಯಿರಿ, “ಆಗಾಗ ಆಗುತ್ತೆ” ಎನ್ನುವ ಗಿರಾಕಿಗೆ ಹುಡುಗ ಫಾರ್ಮ್ಯಾಟ್ ಮಾಡುತ್ತಾನೆ, ತಾರೀಖು ಹೊತ್ತು ತೋರಿಸುವ ಗಿರಾಕಿಗೆ ಅವನ ಯಜಮಾನ ಎದ್ದು ಬರುತ್ತಾನೆ.

ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು

ಪ್ರಶ್ನೆ: ವಾಸ್ತು ನೋಡುವವರು ಹೇಳಿದಂತೆ ಕಂಪ್ಯೂಟರನ್ನು ಆಗ್ನೇಯದಿಂದ ಈಶಾನ್ಯಕ್ಕೆ ಸರಿಸಿದೆವು. ತೊಂದರೆ ನಿಂತಿತು. ಇದಕ್ಕೇನೆನ್ನುತ್ತೀರಿ?
ಉತ್ತರ: ಸಂತೋಷ. ಈಶಾನ್ಯದ ಸಾಕೆಟ್ ಬಿಗಿಯಾಗಿದೆ. ಆಗ್ನೇಯದ ಸಾಕೆಟ್ಟಿಗೆ ಬೇರೇನನ್ನೂ ಸಿಕ್ಕಿಸುವ ಮುನ್ನ ರಿಪೇರಿ ಮಾಡಿಸಿ.

ಪ್ರಶ್ನೆ: ಕಾರಣವಿಲ್ಲದೆ ರೀಸ್ಟಾರ್ಟ್ ಆಗುವುದು ನಮ್ಮಂಥವರ ಅಗ್ಗದ ಯಂತ್ರಗಳ ಹಣೆಬರಹವೇ?
ಉತ್ತರ: ಅಲ್ಲ. 1997ರ ಜುಲೈ 4ರಂದು ನಾಸಾದ ಪಾತ್‌ಫೈಂಡರ್ ನೌಕೆ ಮಂಗಳನ ಮೇಲಿಳಿಯಿತು. ಕೆಲವೇ ದಿನಗಳಲ್ಲಿ ಅದರ ಕಂಪ್ಯೂಟರೂ ತಾನಾಗಿ ರೀಸ್ಟಾರ್ಟ್ ಆಗತೊಡಗಿತು. ಅಲ್ಲಿ ಪ್ಲಗ್ ಅಲ್ಲಾಡಿಸಿ ನೋಡಲು ಯಾರಿದ್ದಾರೆ? ಹವಾಮಾನದ ಮಾಹಿತಿ ಕೂಡಿಸುವ ಕೆಳದರ್ಜೆಯ ಕೆಲಸವೊಂದು ಎಲ್ಲರಿಗೂ ಬೇಕಾದ ಬೀಗದ ಕೈಯನ್ನು ಹಿಡಿದುಕೊಂಡಿರುತ್ತಿತ್ತು. ಮಧ್ಯಮ ದರ್ಜೆಯ ಕೆಲಸ ನಡುವೆ ನುಗ್ಗಿ ಅದನ್ನು ತಡೆದು ನಿಲ್ಲಿಸುತ್ತಿತ್ತು. ಎಲ್ಲಕ್ಕಿಂತ ಮೇಲಿನ ದರ್ಜೆಯ ಕೆಲಸ ಬೀಗದ ಕೈಗಾಗಿ ಕಾಯುತ್ತ ಕೂರುತ್ತಿತ್ತು. ಮುಖ್ಯ ಕೆಲಸ ಹೊತ್ತಿಗೆ ಮುಗಿಯಲಿಲ್ಲವೆಂದು ಕಾವಲಿನ ವ್ಯವಸ್ಥೆ ಇಡೀ ಯಂತ್ರವನ್ನೇ ಮೊದಲಿನಿಂದ ಶುರು ಮಾಡುತ್ತಿತ್ತು. ಕ್ಯಾಲಿಫೋರ್ನಿಯಾದ ಎಂಜಿನಿಯರುಗಳು ಮದರ್‌ಬೋರ್ಡ್ ಬದಲಾಯಿಸಲು ಮಂಗಳಕ್ಕೆ ಹೋಗಲಿಲ್ಲ. ಅಂಥದೇ ಯಂತ್ರವನ್ನು ಪ್ರಯೋಗಾಲಯದಲ್ಲಿಟ್ಟು, ಪ್ರತಿ ಹೆಜ್ಜೆಯೂ ದಾಖಲಾಗುವಂತೆ ಮಾಡಿ, ಇಲ್ಲಿಯೂ ಬೀಳುವ ತನಕ ಓಡಿಸಿದರು. ದಾಖಲೆ ಓದಿ ಕಾರಣ ಹಿಡಿದರು, ಭೂಮಿಯಿಂದಲೇ ತಿದ್ದುಪಡಿ ಕಳಿಸಿದರು. ಅವರೂ ಬರೆದಿಟ್ಟುಕೊಂಡೇ ಪತ್ತೆ ಮಾಡಿದ್ದು.

ದುರಸ್ತಿಯ ನಂತರ

ಯಂತ್ರ ಸರಿಯಾದ ಸುದ್ದಿ ಹಬ್ಬಿದ ಮೇಲೆ ಬಾಧ್ಯಸ್ಥರು ಬರುತ್ತಾರೆ. ಫಾರ್ಮ್ಯಾಟ್ ಹೇಳಿದವರು “ನಾನು ಆವತ್ತೇ ಹೇಳಿದ್ದೆ” ಎನ್ನುತ್ತಾರೆ. ನಿಂಬೆಹಣ್ಣು ಕಟ್ಟಿದವರು ಏನನ್ನೂ ಹೇಳದೆ ಮುಗುಳ್ನಗುತ್ತಾರೆ. ತಾವು ಬದಲಾಯಿಸಿದ್ದು ಒಂದು ಸಾಕೆಟ್ ಮಾತ್ರ ಎಂದರೆ ಯಾರೂ ನಂಬುವುದಿಲ್ಲ, ಇಷ್ಟು ದೊಡ್ಡ ಉಪದ್ರವಕ್ಕೆ ಅಷ್ಟು ಸಣ್ಣ ಕಾರಣ ಯಾರಿಗೂ ಒಪ್ಪಿಗೆಯಿಲ್ಲ. ವಾದಿಸಬೇಡಿ. ಅವರ ಮನೆಯ ಕಂಪ್ಯೂಟರ್ ಕೈಕೊಟ್ಟ ದಿನ ತಮ್ಮ ನೋಟ್‌ಬುಕ್ ಕೇಳಿಕೊಂಡು ಬರುತ್ತಾರೆ. ಧಾರಾಳವಾಗಿ ಕೊಡಿ, ತಾವು ಬರೆದ ಹಾಳೆಗಳನ್ನು ಮಾತ್ರ ಹರಿದಿಟ್ಟುಕೊಳ್ಳಿ. ಇಲ್ಲದಿದ್ದರೆ ತಮ್ಮ ಮನೆಯ ಉತ್ತರವನ್ನೇ ನಕಲು ಮಾಡಿಕೊಂಡು ಅವರೂ ಸಾಕೆಟ್ ಬದಲಾಯಿಸುತ್ತಾರೆ, ಒಳಗೆ ಫ್ಯಾನ್ ನಿಂತೇ ಇರುತ್ತದೆ.